ಹೆರಿಗೆ ಆಸ್ಪತ್ರೆಯಲ್ಲಿ ಅಪ್ಪನ ಕೆಲಸ

ಮಂಗಳೂರಿನ ಯಾವ ಆಸ್ಪತ್ರೆಗೆ ಹೋದರೂ ಲೇಬರ್ ರೂಮಿನ ಹೊರಗೆ ಒಂದು ಸಾಲು ಕುರ್ಚಿ ಹಾಕಿರುತ್ತಾರೆ. ಬಾಗಿಲು ತೆರೆದು ಸಿಸ್ಟರ್ ಕೂಗುವುದು ಹೆರುವವಳ ಹೆಸರನ್ನು, ಎದ್ದು ಓಡುವುದು ಗಂಡ. ಅಲ್ಲಿ ಅವನಿಗೆ ಬೇರೆ ಹೆಸರಿಲ್ಲ, ಇಂಥವಳ ಕಡೆಯವನು ಅಷ್ಟೆ. ಕೈಗೊಂದು ಚೀಟಿ ಬರುತ್ತದೆ, ಫಾರ್ಮಸಿಗೆ ಹೋಗಿ ತಂದುಕೊಡುತ್ತಾನೆ, ಮತ್ತೆ ಬಂದು ಕೂರುತ್ತಾನೆ. ಈ ಇಂಜೆಕ್ಷನ್ ಯಾತಕ್ಕೆ, ಈ ಸಹಿ ಯಾತಕ್ಕೆ ಎಂದು ಕೇಳಲು ಅವನಿಗೆ ಅಳುಕು. ವಿವರಿಸಲು ಒಳಗಿನವರಿಗೆ ಪುರುಸೊತ್ತಿಲ್ಲ. ಹೀಗಾಗಿ ಬಹಳಷ್ಟು ಗಂಡಸರು ಆ ಇಡೀ ರಾತ್ರಿಯನ್ನು ಬರೀ ಭಯದಲ್ಲಿ ಕಳೆಯುತ್ತಾರೆ. ಬಾಗಿಲಿನ ಆಚೆ ಯಾವ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಆ ಹೊತ್ತನ್ನು ಹೆಂಡತಿಯ ಉಪಯೋಗಕ್ಕೆ ಬಳಸಬಹುದು. ಅಪ್ಪ ಮಾಡಬೇಕಾದ ಕೆಲಸ ಅಲ್ಲಿ ನಿಜಕ್ಕೂ ಇದೆ.

ಆ ಕೆಲಸ ಏಳನೇ ತಿಂಗಳಿಗೇ ಶುರುವಾಗುತ್ತದೆ. ನಮ್ಮ ಕಡೆ ಮೊದಲ ಹೆರಿಗೆಗೆ ಹೆಂಗಸರು ತವರಿಗೆ ಹೋಗುವುದು ರೂಢಿ. ಗಂಡ ಮಂಗಳೂರಿನಲ್ಲಿ, ಹೆಂಡತಿ ಬೆಳ್ತಂಗಡಿಯಲ್ಲೋ ಪುತ್ತೂರಿನಲ್ಲೋ ಮಂಜೇಶ್ವರದಲ್ಲೋ. ಯಾವ ಆಸ್ಪತ್ರೆ, ಅಲ್ಲಿಗೆ ಯಾವ ದಾರಿ, ನಡುರಾತ್ರಿ ಕಾರು ಯಾರದು ಎಂಬುದನ್ನು ಆಗಲೇ ಗೊತ್ತುಮಾಡಿಕೊಳ್ಳಬೇಕು. ಜುಲೈ ತಿಂಗಳ ಮಳೆಯಲ್ಲಿ, ಸಂಜೆ ಆರರ ಹೊತ್ತಿಗೆ ನಂತೂರು ಮತ್ತು ಪಂಪ್‌ವೆಲ್ ದಾಟುವುದು ಎಷ್ಟು ಕಷ್ಟವೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. 108ರ ಆಂಬ್ಯುಲೆನ್ಸ್ ಕರ್ನಾಟಕದಲ್ಲಿ 2008ರಿಂದ ಇದೆ, ಹೆರಿಗೆಗೂ ಬರುತ್ತದೆ. ಗಡಿಯಾಚೆ ಕಾಸರಗೋಡಿನಿಂದ ಬರುವವರು ತಲಪಾಡಿ ದಾಟಿ ಬರಬೇಕು. 2020ರ ಲಾಕ್‌ಡೌನಿನಲ್ಲಿ ಆ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ನೆನಪಿಟ್ಟುಕೊಂಡಾದರೂ ಹತ್ತಿರದ ಇನ್ನೊಂದು ಆಸ್ಪತ್ರೆಯನ್ನು ನೋಡಿಟ್ಟಿರುವುದು ಒಳ್ಳೆಯದು.

ಕಾಗದಪತ್ರದ ಚೀಲ ಗಂಡನ ಕೈಯಲ್ಲೇ ಇರಲಿ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ವರದಿಗಳು, ರಕ್ತದ ವರದಿ, ಇಬ್ಬರ ಆಧಾರ್, ಇದ್ದರೆ ವಿಮೆಯ ಕಾರ್ಡ್. ಇವುಗಳಲ್ಲಿ ಅಪ್ಪನಾಗುವವನು ಬಾಯಿಪಾಠ ಮಾಡಿಕೊಳ್ಳಬೇಕಾದ ಒಂದು ಸಂಗತಿಯೆಂದರೆ ಹೆಂಡತಿಯ ರಕ್ತದ ಗುಂಪು. ಅವಳದು ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದರೆ, ಹೆರಿಗೆಯಾದ 72 ಗಂಟೆಯೊಳಗೆ ಅವಳಿಗೆ ಆಂಟಿ-ಡಿ ಇಂಜೆಕ್ಷನ್ ಬೀಳಬೇಕು. ಅದು ಈ ಮಗುವಿಗಲ್ಲ, ಮುಂದಿನ ಮಗುವಿನ ರಕ್ಷಣೆಗೆ. ಮರೆತರೆ ತಾಯಿಯ ದೇಹದಲ್ಲಿ ತಯಾರಾಗುವ ಪ್ರತಿಕಾಯಗಳು ಮುಂದಿನ ಬಸಿರಿನಲ್ಲಿ ಮಗುವಿನ ರಕ್ತಕಣಗಳನ್ನು ಒಡೆಯಬಲ್ಲವು.

ಯಾವಾಗ ಹೊರಡಬೇಕು? ಮೊದಲ ಹೆರಿಗೆಯಲ್ಲಿ ನೋವು ಬಂದ ಕೂಡಲೇ ಓಡಬೇಕಾಗಿಲ್ಲ. ನೋವು ಐದು ನಿಮಿಷಕ್ಕೊಮ್ಮೆ ಬರುತ್ತಿದೆ, ಪ್ರತಿ ಸಲ ಹತ್ತಿರಹತ್ತಿರ ಒಂದು ನಿಮಿಷ ನಿಲ್ಲುತ್ತಿದೆ, ಒಂದು ಗಂಟೆಯಿಂದ ಹೀಗೇ ಇದೆ ಎಂದಾದರೆ ಹೊರಡುವ ಹೊತ್ತು ಬಂತು. ಮನೆ ದೂರವಿದ್ದರೆ ಇನ್ನೂ ಮುಂಚೆ. ಗಡಿಯಾರ ನೋಡಿ ಬರೆದಿಡುವ ಕೆಲಸ ಗಂಡನದು, ಏಕೆಂದರೆ ನೋವು ತಿನ್ನುವವಳಿಗೆ ಸಮಯದ ಅಂದಾಜು ತಪ್ಪುತ್ತದೆ. ಆದರೆ ನೀರು ಹೋದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾಗಿದೆ ಎಂದು ಅವಳಿಗೆ ಅನಿಸಿದರೆ ಗಡಿಯಾರ ನೋಡುತ್ತ ಕೂರಬಾರದು. ಹೋದ ನೀರಿನ ಬಣ್ಣ ನೋಡಿಕೊಳ್ಳಿ. ಹಸಿರೋ ಕಂದೋ ಆಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ. ಆಸ್ಪತ್ರೆಗೆ ಮುಟ್ಟಿದ ಕೂಡಲೇ ಹೇಳಬೇಕಾದ ಮೊದಲ ಮಾತು ಅದು.

ಇನ್ನು ಒಳಗಿನ ವಿಷಯ. ಹೊರಗೆ ಕೂತವರನ್ನು ಅತ್ಯಂತ ಹೆಚ್ಚು ಕಂಗೆಡಿಸುವ ವಾಕ್ಯ ‘ಇನ್ನೂ ಮೂರೇ ಸೆಂಟಿಮೀಟರ್ ಅಂತೆ’. ಬೆಳಿಗ್ಗೆ ಮೂರು, ಮಧ್ಯಾಹ್ನವೂ ಮೂರು. ಏನೋ ಎಡವಟ್ಟಾಗಿದೆ ಎಂದು ಅತ್ತೆಯ ಮನೆಯಿಂದ ಫೋನು, ಆಪರೇಷನ್ ಮಾಡಿಸಿಬಿಡಿ ಎಂದು ಚಿಕ್ಕಪ್ಪನಿಂದ ಸಲಹೆ. ಈ ಸೆಂಟಿಮೀಟರ್ ಅಳೆಯುವುದು ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬುದನ್ನು. ಒಂಬತ್ತು ತಿಂಗಳು ದಪ್ಪಗೆ, ಗಟ್ಟಿಯಾಗಿ ಮುಚ್ಚಿಕೊಂಡಿದ್ದ ಆ ಬಾಯಿ ಮೊದಲು ಮೆತ್ತಗಾಗಿ ತೆಳ್ಳಗಾಗಬೇಕು, ಆಮೇಲೆ ಹತ್ತು ಸೆಂಟಿಮೀಟರಿನವರೆಗೆ ತೆರೆಯಬೇಕು. ಬಿಗಿ ಕತ್ತಿನ ಬನಿಯನ್ನನ್ನು ತಲೆಯ ಮೇಲಿಂದ ಇಳಿಸುವಾಗ ಆಗುವಂತೆ, ಮೊದಲು ಅಂಚು ಹಿಗ್ಗಿ ತೆಳುವಾಗುತ್ತದೆ, ಆಮೇಲೆ ನೆತ್ತಿ ಕಾಣುತ್ತದೆ. ಮೊದಲ ಹೆರಿಗೆಯಲ್ಲಿ ಈ ತೆಳ್ಳಗಾಗುವ ಕೆಲಸಕ್ಕೇ ಬಹಳ ಹೊತ್ತು ಬೇಕು. ಆಗ ಸೆಂಟಿಮೀಟರ್ ಏರದಿದ್ದರೂ ಕೆಲಸ ನಡೆಯುತ್ತಲೇ ಇರುತ್ತದೆ.

ಹಿಂದೆ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಲೆಕ್ಕವಿತ್ತು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಅದನ್ನು ಬದಲಿಸಿತು. ಐದು ಸೆಂಟಿಮೀಟರ್ ಆದ ಮೇಲೆಯೇ ಹೆರಿಗೆಯ ಚುರುಕಿನ ಹಂತ. ಅಲ್ಲಿಂದ ಪೂರ್ತಿ ತೆರೆಯಲು ಚೊಚ್ಚಲಲ್ಲಿ 12 ಗಂಟೆಯವರೆಗೂ ಹಿಡಿಯಬಹುದು. ತಾಯಿ-ಮಗು ಚೆನ್ನಾಗಿದ್ದರೆ ನಿಧಾನವೆಂಬ ಒಂದೇ ಕಾರಣಕ್ಕೆ ಅವಸರ ಬೇಡ ಎಂದು ಅದು ಹೇಳುತ್ತದೆ. ಪೂರ್ತಿ ತೆರೆದ ಮೇಲೆ ಮುಕ್ಕುವ ಹಂತ, ಚೊಚ್ಚಲಲ್ಲಿ ಅದೇ ಮೂರು ಗಂಟೆಯವರೆಗೆ ಹೋಗಬಹುದು. ಅಂದರೆ ಬೆಳಿಗ್ಗೆ ದಾಖಲಾದವಳು ಮರುದಿನ ಬೆಳಗ್ಗೆ ಹೆತ್ತರೆ ಅದರಲ್ಲಿ ಅಸಹಜವೇನೂ ಇಲ್ಲ. ಮನೆಯವರ ಫೋನುಗಳಿಗೆ ಇದನ್ನು ಸಮಾಧಾನವಾಗಿ ವಿವರಿಸಿ, ಅವರ ಗಾಬರಿ ಹೆಂಡತಿಯ ಕಿವಿಗೆ ತಲುಪದಂತೆ ನೋಡಿಕೊಳ್ಳುವುದೇ ಆ ಹೊತ್ತಿನಲ್ಲಿ ಗಂಡ ಮಾಡಬಹುದಾದ ದೊಡ್ಡ ಉಪಕಾರ.

ವೈದ್ಯರು ಇದರ ಜೊತೆಗೆ ಮಗುವಿನ ಎದೆಬಡಿತವನ್ನು ಕೇಳುತ್ತಿರುತ್ತಾರೆ. ನಿಮಿಷಕ್ಕೆ 110ರಿಂದ 160ರವರೆಗೆ ಸಹಜ. ನೋವು ಬಂದಾಗ ಗರ್ಭಕೋಶ ಬಿಗಿಯಾಗಿ ಮಾಸಿನ ಮೂಲಕ ಹೋಗುವ ರಕ್ತ ಕೊಂಚ ಕಡಿಮೆಯಾಗುತ್ತದೆ, ಬಡಿತ ಇಳಿದು ಮತ್ತೆ ಏರಬಹುದು. ಹೊಟ್ಟೆಗೆ ಕಟ್ಟಿದ ಮಾನಿಟರಿನ ಸದ್ದು ನಿಧಾನವಾದ ಕೂಡಲೇ ಪಕ್ಕದಲ್ಲಿ ನಿಂತ ಗಂಡನ ಎದೆ ನಿಂತಂತಾಗುತ್ತದೆ, ನಿಜ. ಒಳಗಿನವರು ನೋಡುವುದು ನೋವು ಇಳಿದ ಮೇಲೂ ಬಡಿತ ಮೇಲೇಳಲು ತಡಮಾಡುತ್ತಿದೆಯೇ, ಪ್ರತಿ ನೋವಿಗೂ ಹಾಗೇ ಆಗುತ್ತಿದೆಯೇ ಎಂದು. ಹಾಗಾದರೆ ಮಗು ಬಳಲಿದೆ; ಸಿಸೇರಿಯನ್ನಿನ ಮಾತು ಬರುವುದು ಆಗ.

ಗಂಡ ಒಳಗೆ ಇರಬಹುದೇ? ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಹೆಂಡತಿ ಬಯಸಿದರೆ. ತನಗೆ ಬೇಕಾದವರೊಬ್ಬರು ಪಕ್ಕದಲ್ಲಿದ್ದರೆ ಹೆರಿಗೆ ಸುಸೂತ್ರವಾಗುವ, ಸಿಸೇರಿಯನ್ ಕಡಿಮೆಯಾಗುವ ಸಾಧ್ಯತೆ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಲೇಬರ್ ರೂಮಿಗೆ ಹೆರಿಗೆ ಸಂಗಾತಿಯೊಬ್ಬರನ್ನು ಬಿಡಲು ಒಪ್ಪಿತು. ಸಾಮಾನ್ಯವಾಗಿ ತಾನೂ ಹೆತ್ತ ಹೆಂಗಸೊಬ್ಬರು. ಮಂಚಗಳ ನಡುವೆ ಮರೆಯಿದ್ದು ಉಳಿದ ಹೆಂಗಸರ ಮಾನಕ್ಕೆ ಧಕ್ಕೆ ಬಾರದ ಕಡೆ ಗಂಡನೂ ಆಗಬಹುದು ಎಂದು ಆ ಮಾರ್ಗಸೂಚಿ ಹೇಳುತ್ತದೆ. 2017ರ ಕೊನೆಗೆ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮವೂ ಇದನ್ನೇ ಒತ್ತಿಹೇಳಿತು. ಹಂಪನಕಟ್ಟೆಯ ಲೇಡಿಗೋಷನ್‌ನಂಥ ತುಂಬಿ ತುಳುಕುವ ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿಯೋ ಅಕ್ಕನೋ ಒಳಗೆ ಹೋಗುವುದು ಹೆಚ್ಚು ಸಾಧ್ಯ. ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 1924ರಿಂದ 1929ರವರೆಗೆ ಗವರ್ನರ್ ಆಗಿದ್ದ ಗೋಷನ್ ಅವರ ಪತ್ನಿಯ ಹೆಸರು ಹೊತ್ತ ಈ ಆಸ್ಪತ್ರೆಗೆ ಅಕ್ಕಪಕ್ಕದ ಜಿಲ್ಲೆಗಳಿಂದ, ಕಾಸರಗೋಡಿನಿಂದಲೂ ಬಸುರಿಯರು ಬರುತ್ತಾರೆ. ಖಾಸಗಿ ಆಸ್ಪತ್ರೆಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ನೋವು ಬಂದ ರಾತ್ರಿ ಸೆಕ್ಯುರಿಟಿಯವನ ಹತ್ತಿರ ಜಗಳವಾಡುವ ಬದಲು ಏಳನೇ ತಿಂಗಳ ಚೆಕಪ್ಪಿನಲ್ಲೇ ಡಾಕ್ಟರನ್ನು ಕೇಳಿ, ಒಪ್ಪಿದರೆ ಫೈಲಿನಲ್ಲಿ ಬರೆಸಿಕೊಳ್ಳಿ.

ಒಳಗೆ ಹೋದವನು ತಲೆಯ ಕಡೆ ನಿಲ್ಲಬೇಕು. ಸೊಂಟದ ಕೆಳಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಬೆನ್ನುನೋವಿಗೆ ಹಿತ. ಎರಡು ನೋವಿನ ನಡುವೆ ಒಂದೆರಡು ಗುಟುಕು ನೀರು, ಒದ್ದೆ ಬಟ್ಟೆಯಿಂದ ಮುಖ ಒರೆಸುವುದು. ಅವಳು ಮಾತಾಡಬೇಡ ಎಂದರೆ ಮಾತಾಡಬಾರದು, ಬೈದರೆ ಬೈಸಿಕೊಳ್ಳಬೇಕು. ಫೋನು ಕಿಸೆಯಲ್ಲೇ ಇರಲಿ.

ಹೊರಗೆ ಕೂತವನನ್ನು ಸಹಿಗಾಗಿ ಕರೆಯುತ್ತಾರೆ. ಸಿಸೇರಿಯನ್ನಿಗೆ, ಅರಿವಳಿಕೆಗೆ, ರಕ್ತ ಕೊಡುವುದಕ್ಕೆ ಬೇರೆಬೇರೆ ಒಪ್ಪಿಗೆ ಪತ್ರ. ಒಂದು ಮಾತು ಎಲ್ಲ ಗಂಡಸರಿಗೂ ತಿಳಿದಿರಬೇಕು: ಪ್ರಾಯಕ್ಕೆ ಬಂದ, ಪ್ರಜ್ಞೆಯಲ್ಲಿರುವ ಹೆಂಗಸಿನ ದೇಹಕ್ಕೆ ಒಪ್ಪಿಗೆ ಕೊಡಬೇಕಾದವಳು ಅವಳೇ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿ ಕೊಟ್ಟ ಒಪ್ಪಿಗೆ ಸಾಲದು ಎಂದಿತು. ಗಂಡನ ಸಹಿ ಆಸ್ಪತ್ರೆಯ ರೂಢಿ, ಅವಳ ಒಪ್ಪಿಗೆಗೆ ಬದಲಿಯಲ್ಲ. ಆದ್ದರಿಂದ ಪತ್ರ ಕೈಗೆ ಬಂದಾಗ ‘ಅವಳಿಗೆ ಹೇಳಿದ್ದೀರಾ, ಅವಳು ಸಹಿ ಹಾಕಿದ್ದಾಳಾ’ ಎಂದು ಕೇಳಿ. ಕಾರಣ ಕೇಳುವುದೂ ತಪ್ಪಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ, ಶೇ 31ಕ್ಕೂ ಹೆಚ್ಚು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಸರ್ಕಾರಿ ಆಸ್ಪತ್ರೆಗಳಿಗಿಂತ ಬಹಳ ಹೆಚ್ಚು. ಆದರೆ ಮಗುವಿನ ಬಡಿತ ಇಳಿದಿದೆ, ಈಗಲೇ ಬೇಕು ಎಂದು ಡಾಕ್ಟರ್ ಹೇಳಿದ ಮೇಲೆ ಊರಿಗೆ ಫೋನು ಮಾಡಿ ಹಿರಿಯರನ್ನು ಕೇಳುತ್ತ ನಿಲ್ಲುವ ಹೊತ್ತಲ್ಲ ಅದು.

ರಕ್ತಕ್ಕೂ ಕರೆಯಬಹುದು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡು ಆ ನಾಳಗಳನ್ನು ಹಿಸುಕಿ ಮುಚ್ಚಬೇಕು. ಮುದುಡದಿದ್ದರೆ ಕೆಲವೇ ನಿಮಿಷದಲ್ಲಿ ಜೀವಕ್ಕೆ ಅಪಾಯ. ಹುಟ್ಟಿದ ಕೂಡಲೇ ತಾಯಿಗೆ ಆಕ್ಸಿಟೋಸಿನ್ ಚುಚ್ಚುವುದು ಅದಕ್ಕಾಗಿ. ಒಂಬತ್ತನೇ ತಿಂಗಳಲ್ಲೇ ರಕ್ತ ಕೊಡಬಲ್ಲ ಇಬ್ಬರು ಗೆಳೆಯರಿಗೆ ಹೇಳಿಟ್ಟಿರಿ.

ಮಗು ಹುಟ್ಟಿತು. ಬಟ್ಟೆ ಕೊಡಿ ಎನ್ನುತ್ತಾರೆ. ಹೊಸ ಬಟ್ಟೆಗಿಂತ ಹಲವು ಸಲ ಒಗೆದು ಮೆತ್ತಗಾದ ಹತ್ತಿ ಪಂಚೆಯ ತುಂಡು ಮೇಲು, ಬಿಸಿಲಲ್ಲಿ ಒಣಗಿಸಿ ಮಡಿಸಿಟ್ಟದ್ದು. ನನ್ನ ಮಗಳನ್ನು ನಮ್ಮ ಮನೆಯ ಅಂಥದೇ ಒಂದು ಬಿಳಿ ತುಂಡಿನಲ್ಲಿ ಸುತ್ತಿ ಕೊಟ್ಟಾಗ ನಾನು ಮೊದಲು ನೋಡಿದ್ದು ತಲೆ: ಹಿಂದಕ್ಕೆ ಎಳೆದಂತೆ ಉದ್ದವಾಗಿತ್ತು. ಕೈಕಾಲು ನೀಲಿಗಟ್ಟಿದ್ದವು. ಕುತ್ತಿಗೆಯ ಮಡಿಕೆಯಲ್ಲಿ ಬೆಣ್ಣೆಯಂಥ ಬಿಳಿ ಲೇಪ. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ ಅಮ್ಮನ ಹೆಸರು, ಹುಟ್ಟಿದ ಗಂಟೆ, ತೂಕ. ಏನೋ ಕೇಳಬೇಕೆಂದು ಬಾಯಿ ತೆರೆದವನಿಗೆ ಸಿಸ್ಟರ್ ತುಳುವಿನಲ್ಲೇ ಧೈರ್ಯ ಹೇಳಿದರು. ತಲೆಯ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲ, ದಾರಿಗೆ ಒಗ್ಗಲು ಒಂದರ ಮೇಲೊಂದು ಸರಿಯುತ್ತವೆ, ಕೆಲವು ದಿನಗಳಲ್ಲಿ ದುಂಡಗಾಗುತ್ತದೆ. ತುಟಿ, ನಾಲಗೆ ಕೆಂಪಗಿದ್ದರೆ ಕೈಕಾಲಿನ ನೀಲಿಗೆ ಹೆದರಬೇಕಾಗಿಲ್ಲ. ಬಿಳಿ ಲೇಪವನ್ನು ತಿಕ್ಕಿ ತೆಗೆಯಬಾರದು, ಅದು ಚರ್ಮಕ್ಕೆ ರಕ್ಷೆ. ಮೊದಲ 24 ಗಂಟೆ ಸ್ನಾನವೂ ಬೇಡ.

ಇದಕ್ಕೆ ಮೊದಲೇ ಒಳಗೆ ಮಗುವಿನ ಪರೀಕ್ಷೆಯೊಂದು ಆಗಿರುತ್ತದೆ. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್ಗರ್ 1952ರಲ್ಲಿ ರೂಪಿಸಿದ ಅಂಕ ಪದ್ಧತಿ. ಎದೆಬಡಿತ, ಉಸಿರು, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಮೈಬಣ್ಣ, ಒಂದೊಂದಕ್ಕೆ ಎರಡು ಅಂಕ. ಹುಟ್ಟಿದ ಒಂದನೇ ನಿಮಿಷಕ್ಕೊಮ್ಮೆ, ಐದನೇ ನಿಮಿಷಕ್ಕೊಮ್ಮೆ. ಏಳು ದಾಟಿದರೆ ನಿಶ್ಚಿಂತೆ. ಹತ್ತಕ್ಕೆ ಹತ್ತು ಬರಲಿಲ್ಲವೆಂದು ಮರುಗಬೇಡಿ, ಕೈಕಾಲಿನ ಆ ನೀಲಿಗೇ ಹೆಚ್ಚಿನ ಮಕ್ಕಳಿಗೆ ಒಂದಂಕ ಹೋಗುತ್ತದೆ.

ಮಗು ಬಂದು ಗಂಟೆಯಾದರೂ ಅಮ್ಮ ಬಂದಿಲ್ಲ ಎಂಬುದು ಮುಂದಿನ ಆತಂಕ. ಹೊರಗಿನವರೆಲ್ಲ ಮಗುವಿನ ಮುಖ ನೋಡುವುದರಲ್ಲಿ ಮುಳುಗಿರುವಾಗ ಅವಳನ್ನು ವಿಚಾರಿಸುವವನು ಗಂಡನಾದರೂ ಆಗಿರಬೇಕು. ಸಹಜ ಹೆರಿಗೆಯಲ್ಲಿ ಮಾಸು ಬೀಳಲು ಅರ್ಧ ಗಂಟೆಯವರೆಗೂ ಹಿಡಿಯಬಹುದು, ಆಮೇಲೆ ಹೊಲಿಗೆ, ಆಮೇಲೆ ರಕ್ತಸ್ರಾವದ ಮೇಲೆ ಕಣ್ಣಿಡಲು ಸುಮಾರು ಎರಡು ಗಂಟೆ ಅಲ್ಲೇ. ಸಿಸೇರಿಯನ್ನಿನಲ್ಲಿ ಮಗುವನ್ನು ಮೊದಲ ಹತ್ತು ನಿಮಿಷದೊಳಗೆ ಹೊರತೆಗೆಯುತ್ತಾರೆ, ಪದರ ಪದರವಾಗಿ ಹೊಲಿಯಲು ಇನ್ನೂ ಮುಕ್ಕಾಲು ಗಂಟೆ. ಬೆನ್ನಿಗೆ ಚುಚ್ಚಿದ ಅರಿವಳಿಕೆ ಇಳಿಯುವವರೆಗೆ ಕೆಲವು ಗಂಟೆ ಅವಳಿಗೆ ಕಾಲಾಡುವುದಿಲ್ಲ.

ಮೊದಲ ಒಂದು ಗಂಟೆಯೊಳಗೆ ಎದೆಹಾಲು. ಹಳದಿ ಬಣ್ಣದ ಆ ಮಂದ ಹಾಲು ಚಮಚದ ಲೆಕ್ಕದಲ್ಲಿ ಬರುತ್ತದೆ, ಆ ಹೊಟ್ಟೆಗೆ ಅಷ್ಟೇ ಸಾಕು. ಜೇನು, ಸಕ್ಕರೆ ನೀರು, ತೇಯ್ದ ಬಜೆ, ಇವನ್ನು ನಾಲಗೆಗೆ ಸವರಲು ಮನೆಯ ಹಿರಿಯರು ತವಕಿಸುತ್ತಾರೆ. ಪ್ರೀತಿಯಿಂದಲೇ ಬೇಡವೆನ್ನಬೇಕು, ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾ ಒಂದು ವರ್ಷದೊಳಗಿನ ಮಗುವಿಗೆ ಮಾರಕವಾಗಬಲ್ಲದು. ಈ ಮಾತನ್ನು ಸೊಸೆ ಹೇಳಿದರೆ ಮನಸ್ತಾಪ, ಮಗ ಹೇಳಿದರೆ ನಡೆಯುತ್ತದೆ. ವಿಟಮಿನ್ ಕೆ ಇಂಜೆಕ್ಷನ್, ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಕಾರ್ಡಿನಲ್ಲಿ ನೋಡಿಕೊಳ್ಳಿ. ಮೊದಲ ದಿನಗಳಲ್ಲಿ ಮಗುವಿನ ತೂಕ ಇಳಿಯುತ್ತದೆ, ಶೇ 10ರವರೆಗೆ ಸಹಜ. ಎರಡು-ಮೂರನೇ ದಿನ ಮೈ ಕೊಂಚ ಹಳದಿಯಾಗುವುದೂ ಸಾಮಾನ್ಯ. ಮೊದಲ ದಿನವೇ ಹಳದಿಯಾದರೆ ತಕ್ಷಣ ತೋರಿಸಬೇಕು.

ಮಗು ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಹೋದರೆ ಅಪ್ಪನ ಪಾತ್ರ ಒಮ್ಮೆಲೇ ದೊಡ್ಡದಾಗುತ್ತದೆ. ಹೊಲಿಗೆ ಹಾಕಿಸಿಕೊಂಡು ಮಲಗಿರುವ ಅಮ್ಮನಿಗೂ ಗಾಜಿನಾಚೆಯ ಮಗುವಿಗೂ ನಡುವೆ ಓಡಾಡುವವನು ಅವನೊಬ್ಬನೇ. ತೂಕ ಕಡಿಮೆಯಿರುವ ಮಗುವನ್ನು ಬರಿಮೈಯ ಎದೆಗೆ ಅವುಚಿ ಹಿಡಿಯುವ ಕಾಂಗರೂ ಆರೈಕೆ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ಇಂದು ಅದು ಜಗತ್ತಿನಾದ್ಯಂತ ಒಪ್ಪಿತ ಚಿಕಿತ್ಸೆ. ಅಪ್ಪನೂ ಮಾಡಬಹುದು, ಅಂಗಿ ಬಿಚ್ಚಿ ಕೂರಲು ನಾಚಿಕೊಳ್ಳದೆ ಸಿಸ್ಟರನ್ನು ಕೇಳಿ. ಅಮ್ಮನಿಗೆ ಹಾಲು ಸಾಲದಿದ್ದರೆ ಲೇಡಿಗೋಷನ್‌ನಲ್ಲಿ 2022ರಲ್ಲಿ ಆರಂಭವಾದ ಎದೆಹಾಲಿನ ಬ್ಯಾಂಕ್ ಇದೆ.

ಹಣದ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನ ಊಟ, ಮನೆಗೆ ವಾಹನ ಕೂಡ. ಮಗು ಹುಟ್ಟಿದ ಖುಷಿಗೆಂದು ಯಾರಾದರೂ ಕೈಚಾಚಿದರೆ ಕೊಡಬೇಕೆಂಬ ನಿಯಮ ಎಲ್ಲೂ ಇಲ್ಲ. ಖಾಸಗಿಯಲ್ಲಿ ‘ಪ್ಯಾಕೇಜ್’ ಎಂದರೆ ಅದರಲ್ಲಿ ಮಗುವಿನ ಬಿಲ್ಲು ಸೇರಿದೆಯೇ ಎಂದು ಕೇಳಿ, ಹೆಚ್ಚಿನ ಸಲ ಸೇರಿರುವುದಿಲ್ಲ.

ಜನನ ನೋಂದಣಿಯನ್ನು ಆಸ್ಪತ್ರೆಯೇ ಕಳುಹಿಸಬೇಕು, 21 ದಿನದೊಳಗೆ. ಆದರೆ ಅರ್ಜಿ ತುಂಬುವುದು ಹೆಚ್ಚಾಗಿ ಅಪ್ಪ, ನಿದ್ದೆಗೆಟ್ಟ ಕಣ್ಣಿನಲ್ಲಿ. ಅಲ್ಲಿ ಒಂದಕ್ಷರ ತಪ್ಪಿದರೆ ವರ್ಷಗಟ್ಟಲೆ ಅಲೆದಾಟ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನಕ್ಕೆ ಆಧಾರ ಈ ಪ್ರಮಾಣಪತ್ರವೇ. ನಮ್ಮೂರಿನಲ್ಲಿ ಡಿಸೋಜ ಎಂಬ ಹೆಸರು ಇಂಗ್ಲಿಷಿನಲ್ಲಿ ಒಂದು ಕಾಗದದಲ್ಲಿ ಮೇಲೆ ಚಿಹ್ನೆಯೊಂದಿಗೆ, ಇನ್ನೊಂದರಲ್ಲಿ ನಡುವೆ ಜಾಗ ಬಿಟ್ಟು, ಮತ್ತೊಂದರಲ್ಲಿ ಕೂಡಿಸಿ ಬರೆದಿರುತ್ತದೆ. ಶೆಟ್ಟರ ಹೆಸರಿನಲ್ಲಿ ಒಂದರಲ್ಲಿ ಇನಿಷಿಯಲ್, ಒಂದರಲ್ಲಿ ಪೂರ್ತಿ. ತಂದೆತಾಯಿಯ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅದರಲ್ಲಿದ್ದಂತೆಯೇ ಬರೆಯಿರಿ. ಮಗುವಿನ ಹೆಸರನ್ನು ತೊಟ್ಟಿಲು ಹಾಕಿದ ಮೇಲೆ ಸೇರಿಸಬಹುದು, ಒಂದು ವರ್ಷದವರೆಗೆ ಶುಲ್ಕವಿಲ್ಲ. ಗಲ್ಫಿಗೆ ಕುಟುಂಬ ಕರೆದೊಯ್ಯುವವರು ಮಾತ್ರ ತಡಮಾಡಬಾರದು, ಹೆಸರಿಲ್ಲದೆ ಪಾಸ್‌ಪೋರ್ಟಿಲ್ಲ.

ದುಬೈಯಲ್ಲೋ ಕುವೈತಿನಲ್ಲೋ ಕೂತು ವಿಡಿಯೊ ಕಾಲಿನಲ್ಲಿ ಮಗುವಿನ ಮುಖ ಮೊದಲ ಸಲ ನೋಡುವ ಅಪ್ಪಂದಿರು ಈ ಜಿಲ್ಲೆಯಲ್ಲಿ ಬಹಳ. ಯುಎಇಯ ಖಾಸಗಿ ಉದ್ಯೋಗಿಗೆ ಅಲ್ಲಿನ ಕಾನೂನು ಆರು ತಿಂಗಳೊಳಗೆ ಬಳಸುವಂತೆ ಐದು ಕೆಲಸದ ದಿನಗಳ ರಜೆ ಕೊಡುತ್ತದೆ. ಇಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ. ಭಾರತದ ಖಾಸಗಿ ಉದ್ಯೋಗಿಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ತಾಯಿಗೆ 26 ವಾರ ಕೊಟ್ಟ 2017ರ ತಿದ್ದುಪಡಿ ಅಪ್ಪನ ಬಗ್ಗೆ ಮೌನವಾಗಿದ್ದದ್ದು ದೊಡ್ಡ ಲೋಪ. ರಜೆ ಸ್ವಲ್ಪವೇ ಇದ್ದರೆ ಎಲ್ಲವನ್ನೂ ಆಸ್ಪತ್ರೆಯ ದಿನಗಳಿಗೆ ಖರ್ಚು ಮಾಡಬೇಡಿ. ಅಲ್ಲಿ ಸಿಸ್ಟರುಗಳಿರುತ್ತಾರೆ, ಕಷ್ಟ ಬರುವುದು ಮನೆಗೆ ಹೋದ ಎರಡನೇ ವಾರದಲ್ಲಿ.

ತವರಿನ ಬಾಣಂತನದಲ್ಲಿ ಎಣ್ಣೆ ಸ್ನಾನ, ಮದ್ದು, ಪಥ್ಯ ಎಲ್ಲಕ್ಕೂ ಜನರಿರುತ್ತಾರೆ, ಶನಿವಾರ ಬಂದು ಭಾನುವಾರ ಹೋಗುವ ಅಳಿಯನನ್ನು ಅತಿಥಿಯಂತೆ ಕೂರಿಸುತ್ತಾರೆ. ಅತಿಥಿಯಾಗಬೇಡಿ. ರಾತ್ರಿ ಹಾಲು ಕುಡಿಸಿದ ಮೇಲೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು ಅಳಿಯನ ಕೈಗೂ ಬರುತ್ತದೆ. ಬಾಣಂತಿಗೆ ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ, ಜ್ವರ, ತಲೆ ಸಿಡಿಯುವ ನೋವಿನ ಜೊತೆ ಕಣ್ಣು ಮಂಜಾಗುವುದು, ಒಂದೇ ಕಾಲಿನ ಊತ, ಉಸಿರು ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ. ಹೆತ್ತ ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಅವಳು ಮಂಕಾಗಿಯೇ ಇದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ನನ್ನಿಂದ ಈ ಮಗುವಿಗೆ ಒಳ್ಳೆಯದಾಗದು ಎಂದು ಹೇಳತೊಡಗಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಮನೆಯವರು ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದರೂ ಗಂಡ ಸುಮ್ಮನಿರಬಾರದು, ಹೆರಿಗೆ ಮಾಡಿಸಿದ ಡಾಕ್ಟರಿಗೆ ತಿಳಿಸಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.